ಬಾಡಿಗೆ ತಾಯ್ತನ: ಯಾವ ಬಗೆ, ಯಾರಿಗೆ ಸಾಧ್ಯ, ಎಲ್ಲಿಂದ ಶುರು ಮಾಡಬೇಕು

ನನ್ನ ಚಿಕ್ಕಮ್ಮನ ಮಗಳಿಗೆ ಮೊದಲ ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲಲಿಲ್ಲ. ಜೀವ ಉಳಿಸೋದಕ್ಕೆ ಗರ್ಭಕೋಶ ತೆಗೆಯಬೇಕಾಯಿತು. ಮಗು ಉಳಿಯಲಿಲ್ಲ. ವರ್ಷ ಕಳೆದ ಮೇಲೆ ಡಾಕ್ಟರ್ ಒಬ್ಬರು, ಅಂಡಾಶಯ ಚೆನ್ನಾಗಿದೆ, ಸರೋಗಸಿ (ನಿಮ್ಮ ಮಗುವನ್ನು ಇನ್ನೊಬ್ಬಳು ಹೊತ್ತು ಹೆರುವ ಬಾಡಿಗೆ ತಾಯ್ತನ) ಬಗ್ಗೆ ಯೋಚನೆ ಮಾಡಿ ಅಂದರಂತೆ. ಅವತ್ತು ರಾತ್ರಿ ಅವಳು ನನಗೆ ಫೋನ್ ಮಾಡಿ ಕೇಳಿದ ಮೊದಲ ಮಾತು: "ಅಕ್ಕಾ, ಬಾಡಿಗೆ ಎಷ್ಟಾಗತ್ತಂತೆ?"

ತಪ್ಪು ಅವಳದ್ದಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಪದವೇ ಅಂಥದ್ದು. ಅದರಲ್ಲೂ ಬೆಂಗಳೂರಿನಲ್ಲಿ ಬಾಡಿಗೆ ಅಂದ ಕೂಡಲೇ ನೆನಪಾಗೋದು ಹತ್ತು ತಿಂಗಳ ಅಡ್ವಾನ್ಸ್ ಮತ್ತು ಬ್ರೋಕರ್. ಈಗಿನ ಕಾನೂನಿನಲ್ಲಿ ಇವೆರಡಕ್ಕೂ ಜಾಗ ಇಲ್ಲ. ಹೊಟ್ಟೆಯಲ್ಲಿ ಮಗು ಹೊರುವ ಹೆಂಗಸಿಗೆ ಬಾಡಿಗೆ ಕೊಡೋದು ಜೈಲಿಗೆ ಹೋಗುವಂಥ ಅಪರಾಧ. ಹೆಸರಲ್ಲಿ ಬಾಡಿಗೆ ಉಳಿದಿದೆ, ಅಷ್ಟೇ.

ಆಮೇಲೆ ಎರಡು ವರ್ಷ ಅವಳ ಫೈಲ್ ಹಿಡಿದು ಓಡಾಡಿದವಳು ನಾನು. ನಾನು ಡಾಕ್ಟರೂ ಅಲ್ಲ, ಲಾಯರೂ ಅಲ್ಲ. ಆದರೆ ಯಾವುದನ್ನು ಮೊದಲು ಕೇಳಬೇಕಿತ್ತು, ಯಾವುದನ್ನು ತಡವಾಗಿ ತಿಳಿದುಕೊಂಡೆವು ಅನ್ನೋದು ಚೆನ್ನಾಗಿ ಗೊತ್ತಿದೆ. ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಎರಡು ಪ್ರಶ್ನೆ ಕೇಳಿ, ಬಗೆ ಯಾವುದು ಅಂತ ತಾನೇ ಗೊತ್ತಾಗುತ್ತೆ

ಕ್ಲಿನಿಕ್‌ಗಳಲ್ಲಿ, ಇಂಟರ್‌ನೆಟ್‌ನಲ್ಲಿ ನಾಲ್ಕೈದು ಹೆಸರು ಒಟ್ಟಿಗೆ ಎಸೆಯುತ್ತಾರೆ. ಟ್ರೆಡಿಷನಲ್, ಜೆಸ್ಟೇಷನಲ್, ಕಮರ್ಷಿಯಲ್, ಆಲ್ಟ್ರೂಯಿಸ್ಟಿಕ್ ಅಂತ. ಇವೆಲ್ಲ ಒಂದೇ ಸಾಲಿನಲ್ಲಿ ನಿಲ್ಲುವ ನಾಲ್ಕು ಬಗೆ ಅಂದುಕೊಂಡು ನಾನು ಒಂದು ವಾರ ತಲೆ ಕೆಡಿಸಿಕೊಂಡೆ. ನಿಜಕ್ಕೂ ಇಲ್ಲಿರೋದು ಎರಡು ಬೇರೆ ಬೇರೆ ಪ್ರಶ್ನೆ. ಅಂಡಾಣು ಯಾರದ್ದು? ಹೊತ್ತವಳಿಗೆ ದುಡ್ಡು ಸಲ್ಲುತ್ತಾ?

ಮೊದಲನೆಯ ಪ್ರಶ್ನೆ ನೋಡಿ. ಮಗು ಹೊರುವ ಹೆಂಗಸಿನ ಅಂಡಾಣುವನ್ನೇ ಬಳಸಿದರೆ ಅದು ಟ್ರೆಡಿಷನಲ್ ಸರೋಗಸಿ. ಅಂದರೆ ಅವಳು ಹೊತ್ತವಳೂ ಹೌದು, ರಕ್ತ ಹಂಚಿಕೊಂಡ ತಾಯಿಯೂ ಹೌದು. ಐವಿಎಫ್, ಅಂದರೆ ಲ್ಯಾಬ್‌ನಲ್ಲಿ ಭ್ರೂಣ ಮಾಡುವ ವಿಧಾನ, ಬರುವ ಮೊದಲು ಇದೊಂದೇ ದಾರಿ ಇತ್ತು. ಮಗು ಬೇಕಾದ ದಂಪತಿಯಲ್ಲಿ ಗಂಡನ ವೀರ್ಯವನ್ನು ಹೊರುವವಳ ಗರ್ಭಕೋಶಕ್ಕೆ ಸೇರಿಸಿದರೆ ಆಯಿತು, ಲ್ಯಾಬ್ ಬೇಕಿರಲಿಲ್ಲ. ಸುಲಭ ನಿಜ, ಆದರೆ ಆಮೇಲಿನ ಕಷ್ಟ ದೊಡ್ಡದು. ಅಮೆರಿಕದ ನ್ಯೂಜೆರ್ಸಿಯ 'ಬೇಬಿ ಎಂ' ಪ್ರಕರಣದಲ್ಲಿ ಆಗಿದ್ದು ಇದೇ. 1986ರಲ್ಲಿ ಮಗು ಹೆತ್ತ ಮೇಲೆ ಆ ತಾಯಿಗೆ ಕೊಡಲು ಮನಸ್ಸು ಬರಲಿಲ್ಲ. 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಂದ ಅಸಿಂಧು ಅಂದಿತು. ಮಗು ತಂದೆಯ ಬಳಿ ಉಳಿಯಿತು, ಹೆತ್ತವಳಿಗೆ ಬಂದು ನೋಡುವ ಹಕ್ಕು ಸಿಕ್ಕಿತು. ಭಾರತದಲ್ಲಿ ಈ ಬಗೆಗೆ ಅವಕಾಶವೇ ಇಲ್ಲ. ಹೊರುವವಳು ತನ್ನ ಅಂಡಾಣು ಕೊಡುವಂತಿಲ್ಲ ಅಂತ ಕಾನೂನು ನೇರವಾಗಿ ಹೇಳುತ್ತದೆ. "ನಾದಿನಿ ಎರಡನ್ನೂ ಕೊಡ್ತಾಳೆ ಬಿಡಿ" ಅಂತ ಮನೆಯಲ್ಲಿ ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ.

ಬೇರೆಯವರ ಅಂಡಾಣು ಮತ್ತು ವೀರ್ಯದಿಂದ ಲ್ಯಾಬ್‌ನಲ್ಲಿ ಭ್ರೂಣ ಮಾಡಿ ಅವಳ ಗರ್ಭಕೋಶಕ್ಕೆ ಇಟ್ಟರೆ ಅದು ಜೆಸ್ಟೇಷನಲ್ ಸರೋಗಸಿ. ಹೊರುವವಳಿಗೂ ಮಗುವಿಗೂ ವಂಶವಾಹಿ ಸಂಬಂಧ ಇರೋದಿಲ್ಲ. ನಮ್ಮ ಚಿಕ್ಕಮ್ಮ ಇದನ್ನು ಕೇಳಿದವರೇ, "ರೋಹಿಣಿ ಬಲರಾಮನ್ನ ಹೊತ್ತಿರ್ಲಿಲ್ವಾ? ಇದೇನು ಹೊಸದಾ?" ಅಂದರು. ನೋಡಿದರೆ ಕಥೆ ಸರಿಯಾಗೇ ಕೂರುತ್ತೆ. ಭ್ರೂಣ ದೇವಕಿ ವಸುದೇವರದ್ದು, ಹೊಟ್ಟೆ ರೋಹಿಣಿಯದ್ದು. ವ್ಯತ್ಯಾಸ ಒಂದೇ, ರೋಹಿಣಿಗೆ ಮಗುವನ್ನು ವಾಪಸ್ ಕೊಡು ಅಂತ ಯಾರೂ ಕೇಳಲಿಲ್ಲ.

ಎರಡನೆಯ ಪ್ರಶ್ನೆ ದುಡ್ಡಿನದ್ದು. ಹೊತ್ತಿದ್ದಕ್ಕೆ ಹಣ ಅಥವಾ ಅದಕ್ಕೆ ಸಮನಾದ ಏನನ್ನಾದರೂ ಕೊಟ್ಟರೆ ಅದು ಕಮರ್ಷಿಯಲ್, ಅಂದರೆ ವಾಣಿಜ್ಯ ಬಗೆ. ಆಸ್ಪತ್ರೆ ಖರ್ಚು, ವಿಮೆ ಮತ್ತು ನಿಯಮದಲ್ಲಿ ಹೇಳಿದ ಖರ್ಚು ಮಾತ್ರ ಭರಿಸಿದರೆ ಆಲ್ಟ್ರೂಯಿಸ್ಟಿಕ್, ಅಂದರೆ ಪರೋಪಕಾರದ ಬಗೆ. ಭಾರತದಲ್ಲಿ ಒಂದು ಕಾಲಕ್ಕೆ ವಾಣಿಜ್ಯ ಬಗೆ ದೊಡ್ಡದಾಗೇ ನಡೆಯುತ್ತಿತ್ತು. ಗುಜರಾತಿನ ಆನಂದ್ ಪಟ್ಟಣ ಅದಕ್ಕೇ ಹೆಸರಾಗಿತ್ತು, ಹೊರದೇಶದವರು ಅಲ್ಲಿಗೆ ಬರುತ್ತಿದ್ದರು. 2015ರಲ್ಲಿ ವಿದೇಶಿಯರಿಗೆ ಬಾಗಿಲು ಮುಚ್ಚಿತು. 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆ 2022ರ ಜನವರಿ 25ರಿಂದ ಜಾರಿಗೆ ಬಂದು ಎಲ್ಲರಿಗೂ ಮುಚ್ಚಿತು.

ಎರಡೂ ಪ್ರಶ್ನೆ ಸೇರಿಸಿದರೆ ನಾಲ್ಕು ಜೋಡಿ ಆಗುತ್ತವೆ. ಅದರಲ್ಲಿ ಬೆಂಗಳೂರಿನಲ್ಲಿ ಕೂತ ನಿಮಗೆ ಉಳಿದಿರೋದು ಒಂದೇ: ಜೆಸ್ಟೇಷನಲ್ ಮತ್ತು ಪರೋಪಕಾರದ ಬಗೆ. ಕ್ಯಾಲಿಫೋರ್ನಿಯಾದಲ್ಲಿರೋ ಭಾವ ಹೇಳೋದು ಅಲ್ಲಿನ ಕಾನೂನು. ಅಲ್ಲಿ ದುಡ್ಡು ಕೊಡಬಹುದು. ಬ್ರಿಟನ್‌ನಲ್ಲಿ ಕೊಡುವಂತಿಲ್ಲ, ಮೇಲಾಗಿ ಕೋರ್ಟ್ ಆದೇಶ ಬರುವ ತನಕ ಹೆತ್ತವಳೇ ಕಾನೂನಿನ ಕಣ್ಣಿಗೆ ತಾಯಿ. ಫೋನಿನಲ್ಲಿ ಓದಿದ್ದೆಲ್ಲ ಇಲ್ಲಿಗೆ ಅನ್ವಯ ಆಗೋದಿಲ್ಲ.

ಹೆಜ್ಜೆ 2: ಭ್ರೂಣದಲ್ಲಿ ನಿಮ್ಮ ಪಾಲು ಎಷ್ಟು ಅಂತ ಖಚಿತ ಮಾಡಿಕೊಳ್ಳಿ

ಜೆಸ್ಟೇಷನಲ್ ಅಂದ ಮಾತ್ರಕ್ಕೆ ಪ್ರಶ್ನೆ ಮುಗಿಯೋದಿಲ್ಲ. ಅಂಡಾಣು, ವೀರ್ಯ ಎರಡೂ ದಂಪತಿಯದ್ದೇ ಆಗಿರಬಹುದು. ನಮ್ಮದು ಹಾಗಿತ್ತು. ಇಲ್ಲವೇ ಒಂದು ನಿಮ್ಮದು, ಇನ್ನೊಂದು ದಾನಿಯದ್ದು ಆಗಿರಬಹುದು. ಎರಡೂ ದಾನಿಯದ್ದಾದರೆ ಒಪ್ಪೋದಿಲ್ಲ.

ಇಲ್ಲಿ ನಿಯಮ ಎರಡು ಸಲ ತಿರುಗಿದೆ. ಹಾಗಾಗಿ ಹಳೆಯ ಲೇಖನ ಓದಿ ಯಾರಾದರೂ ಹೆದರಿಸಿದರೆ ದಿನಾಂಕ ನೋಡಿ. 2023ರ ಮಾರ್ಚ್‌ನಲ್ಲಿ, ದಂಪತಿ ದಾನಿಯ ಅಂಡಾಣು ಅಥವಾ ವೀರ್ಯ ಬಳಸುವಂತೆಯೇ ಇಲ್ಲ ಅಂತ ತಿದ್ದುಪಡಿ ಬಂತು. ಹುಟ್ಟಿನಿಂದಲೇ ಗರ್ಭಕೋಶ, ಅಂಡಾಶಯ ಬೆಳೆಯದ ಹೆಂಗಸರಿಗೂ, ಅಂಡಾಣು ಮುಗಿದು ಹೋದವರಿಗೂ ಇದು ದೊಡ್ಡ ಪೆಟ್ಟು. ಹಲವರು ಕೋರ್ಟ್ ಮೆಟ್ಟಿಲು ಹತ್ತಿದರು. 2024ರ ಫೆಬ್ರವರಿಯಲ್ಲಿ ಮತ್ತೆ ಬದಲಾಯಿತು. ಗಂಡ ಅಥವಾ ಹೆಂಡತಿಗೆ ದಾನಿ ಬೇಕೇ ಬೇಕು ಅನ್ನುವಂಥ ಆರೋಗ್ಯ ಸಮಸ್ಯೆ ಇದೆ ಅಂತ ಜಿಲ್ಲಾ ವೈದ್ಯಕೀಯ ಮಂಡಳಿ ಪ್ರಮಾಣಪತ್ರ ಕೊಟ್ಟರೆ ಈಗ ದಾನಿಗೆ ಅವಕಾಶ ಇದೆ. ಆದರೆ ಕನಿಷ್ಠ ಒಂದಾದರೂ ನಿಮ್ಮದಿರಬೇಕು.

ವಿಧವೆ ಅಥವಾ ವಿಚ್ಛೇದಿತೆಗೆ ನಿಯಮ ಬಿಗಿ. ಅಂಡಾಣು ಅವರದ್ದೇ ಆಗಬೇಕು, ವೀರ್ಯ ದಾನಿಯದ್ದು.

ದಾನಿ ಬೇಕಾದರೆ ಅದಕ್ಕೆ ಬೇರೆ ಕಾಯ್ದೆ ಇದೆ, ಎಆರ್‌ಟಿ (ಮಗು ಪಡೆಯಲು ನೆರವಾಗುವ ತಂತ್ರಜ್ಞಾನ) ಕಾಯ್ದೆ ಅಂತ. ಅಂಡಾಣು ದಾನಿಗೆ 23ರಿಂದ 35 ವರ್ಷ ಆಗಿರಬೇಕು. ಜೀವನದಲ್ಲಿ ಒಂದೇ ಸಲ ದಾನ, ಏಳಕ್ಕಿಂತ ಜಾಸ್ತಿ ಅಂಡಾಣು ತೆಗೆಯುವಂತಿಲ್ಲ. ಇದು ನೋಂದಾಯಿತ ಎಆರ್‌ಟಿ ಬ್ಯಾಂಕ್, ಅಂದರೆ ದಾನಿಗಳ ಅಂಡಾಣು, ವೀರ್ಯ ಒದಗಿಸುವ ಸಂಸ್ಥೆಯ ಮೂಲಕ ಆಗುವ ಕೆಲಸ. ಕಾಲೇಜು ಹುಡುಗಿಯರನ್ನು ಹುಡುಕಿಕೊಡ್ತೀನಿ ಅನ್ನೋರು ಸಿಗುತ್ತಾರೆ, ದೂರ ಇರಿ.

ಹೆಜ್ಜೆ 3: ನೀವು ಅರ್ಹರಾ? ವಯಸ್ಸಿನಿಂದ ಶುರು ಮಾಡಿ

ಚಿಕಿತ್ಸೆಗೆ ಮೊದಲು ಇದನ್ನು ನೋಡಬೇಕಿತ್ತು. ನಾವು ಉಲ್ಟಾ ಮಾಡಿದೆವು.

ದಂಪತಿಯಾದರೆ ಕಾನೂನು ಪ್ರಕಾರ ಮದುವೆಯಾದ ಗಂಡು ಹೆಣ್ಣು ಆಗಿರಬೇಕು. ಅರ್ಹತಾ ಪ್ರಮಾಣಪತ್ರ ಕೊಡುವ ದಿನಕ್ಕೆ ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವರ್ಷ. ಬದುಕಿರುವ ಮಗು ಇರಬಾರದು, ದತ್ತು ಮಗುವೂ ಲೆಕ್ಕಕ್ಕೆ ಬರುತ್ತದೆ. ಮಗುವಿಗೆ ದೈಹಿಕ ಅಥವಾ ಮಾನಸಿಕ ಅಂಗವೈಕಲ್ಯ ಇದ್ದರೆ, ಅಥವಾ ಪೂರ್ತಿ ವಾಸಿಯಾಗದ, ಜೀವಕ್ಕೆ ಅಪಾಯದ ಕಾಯಿಲೆ ಇದ್ದರೆ ವಿನಾಯಿತಿ ಇದೆ. ಒಂಟಿ ಹೆಂಗಸಾದರೆ ವಿಧವೆ ಅಥವಾ ವಿಚ್ಛೇದಿತೆ ಆಗಿರಬೇಕು, ವಯಸ್ಸು 35ರಿಂದ 45. ಮದುವೆಯೇ ಆಗದ ಹೆಂಗಸು, ಒಂಟಿ ಗಂಡಸು, ಲಿವ್-ಇನ್ ಜೋಡಿ, ಸಲಿಂಗಿ ಜೋಡಿ ಇವರಿಗೆ ಕಾಯ್ದೆ ಅವಕಾಶ ಕೊಟ್ಟಿಲ್ಲ. ಈ ನಗರದಲ್ಲಿ ಒಬ್ಬರೇ ದುಡಿದು, ಮನೆ ಕೊಂಡು, ಅಪ್ಪ ಅಮ್ಮನನ್ನು ಸಾಕುತ್ತಿರುವ ಎಷ್ಟೋ ಹೆಣ್ಣುಮಕ್ಕಳಿದ್ದಾರೆ. ಗಂಡ ಸತ್ತಿದ್ದರೆ ಸರಿ, ಗಂಡ ಇರಲೇ ಇಲ್ಲ ಅಂದರೆ ಇಲ್ಲ ಅನ್ನೋದು ನನಗೆ ಇನ್ನೂ ಅರ್ಥ ಆಗಿಲ್ಲ.

ವಯಸ್ಸು ಮೀರಿದವರು ಕೋರ್ಟಿಗೆ ಹೋಗಿ ಗೆದ್ದ ಉದಾಹರಣೆಗಳಿವೆ. 2023ರಲ್ಲಿ ನಮ್ಮ ಹೈಕೋರ್ಟ್, ಬೆಳೆದ ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ದಂಪತಿಯ ಅರ್ಜಿ ಕೇಳಿತು. ಗಂಡನಿಗೆ 55 ದಾಟಿತ್ತು. ವಂಶವಾಹಿ, ದೈಹಿಕ, ಆರ್ಥಿಕ ಅಂತ ಮೂರು ಪರೀಕ್ಷೆ ಹೇಳಿ, ಅದರಲ್ಲಿ ಪಾಸಾದರೆ ಅರ್ಜಿ ಪರಿಗಣಿಸಿ ಅಂದಿತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಸ್ಪಷ್ಟ ಮಾಡಿತು. ಕಾಯ್ದೆ ಜಾರಿಗೆ ಬರುವ ಮೊದಲೇ ಭ್ರೂಣ ಮಾಡಿಸಿ ಫ್ರೀಜ್ ಮಾಡಿಟ್ಟ ದಂಪತಿಗಳಿಗೆ ಈ ವಯಸ್ಸಿನ ಮಿತಿ ಹೇರುವಂತಿಲ್ಲ. ನಿಮ್ಮದು ಈ ಗುಂಪಿಗೆ ಸೇರುವುದಾದರೆ ಹಳೆಯ ಐವಿಎಫ್ ಕ್ಲಿನಿಕ್‌ನಿಂದ ಫ್ರೀಜ್ ಮಾಡಿದ ದಿನಾಂಕದ ದಾಖಲೆ ಇವತ್ತೇ ತೆಗೆಸಿಟ್ಟುಕೊಳ್ಳಿ.

ವಯಸ್ಸಿನ ನಂತರ ಕಾರಣ. ಕೆಲಸಕ್ಕೆ ತೊಂದರೆ, ಮೈಕಟ್ಟು ಕೆಡುತ್ತೆ ಅನ್ನೋದೆಲ್ಲ ನಡೆಯೋದಿಲ್ಲ. ನಿಯಮದಲ್ಲಿ ಪಟ್ಟಿಯೇ ಇದೆ: ಗರ್ಭಕೋಶ ಇಲ್ಲದಿರುವುದು, ತೆಗೆದಿರುವುದು ಅಥವಾ ಸರಿಯಾಗಿ ಬೆಳೆಯದಿರುವುದು, ಎಷ್ಟು ಸಲ ಐವಿಎಫ್ ಮಾಡಿದರೂ ನಿಲ್ಲದಿರುವುದು, ಕಾರಣ ತಿಳಿಯದೆ ಮತ್ತೆ ಮತ್ತೆ ಗರ್ಭಪಾತ ಆಗುವುದು, ಬಸಿರಾದರೆ ಜೀವಕ್ಕೇ ಅಪಾಯ ಅನ್ನುವ ಕಾಯಿಲೆ. ಮೊದಲ ಐವಿಎಫ್ ಫೇಲ್ ಆದ ಕೂಡಲೇ ಸರೋಗಸಿ ಅಂತ ಯಾರಾದರೂ ಸೂಚಿಸಿದರೆ ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ಕೇಳಿ.

ಹೆಜ್ಜೆ 4: ಹೊರುವವರು ಯಾರು?

ಇದೇ ಅತಿ ಕಷ್ಟದ ಹೆಜ್ಜೆ. ಯಾಕೆಂದರೆ ಕ್ಲಿನಿಕ್ ನಿಮಗೆ ಆಕೆಯನ್ನು ಹುಡುಕಿಕೊಡುವಂತಿಲ್ಲ. ಒಪ್ಪಿದ ಹೆಂಗಸನ್ನು ನೀವೇ ಕರೆದುಕೊಂಡು ಹೋಗಿ ಪ್ರಾಧಿಕಾರದ, ಅಂದರೆ ಸರೋಗಸಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆಯ ಮುಂದೆ ನಿಲ್ಲಬೇಕು.

ಆಕೆಗೆ ಮದುವೆ ಆಗಿರಬೇಕು, ಈಗ ಗಂಡ ಇಲ್ಲದಿದ್ದರೂ ಸರಿ. ಸ್ವಂತ ಮಗು ಇರಬೇಕು. ಜೀವನದಲ್ಲಿ ಒಂದೇ ಸಲ ಸರೋಗಸಿ ತಾಯಿ ಆಗಬಹುದು. ದೇಹ, ಮನಸ್ಸು ಎರಡೂ ಸರಿಯಿದೆ ಅನ್ನುವ ಡಾಕ್ಟರ್ ಪತ್ರ ಬೇಕು. ವಯಸ್ಸು 25ರಿಂದ 35. ಈ ವಯಸ್ಸನ್ನು ಲೆಕ್ಕ ಹಾಕೋದು ಅರ್ಜಿ ಕೊಟ್ಟ ದಿನಕ್ಕಲ್ಲ, ಭ್ರೂಣ ಇಡುವ ದಿನಕ್ಕೆ. ಈ ಒಂದು ಸಾಲು ನಮ್ಮ ನಿದ್ದೆ ಕೆಡಿಸಿತ್ತು.

ಹತ್ತಿರದ ನೆಂಟರೇ ಆಗಬೇಕು ಅಂತ ಬಹಳ ಜನ ನಂಬಿದ್ದಾರೆ. ಮಸೂದೆಯಲ್ಲಿ ಮೊದಲು ಹಾಗೇ ಇತ್ತು. ಕೊನೆಗೆ ಬಂದ ಕಾಯ್ದೆಯಲ್ಲಿ 'ಒಪ್ಪುವ ಹೆಂಗಸು' ಅಂತಷ್ಟೇ ಇದೆ. ಗೆಳತಿ ಆಗಬಹುದು, ದೂರದ ನೆಂಟಳಾಗಬಹುದು. ಆದರೆ ದುಡ್ಡು ಕೊಡುವಂತಿಲ್ಲ ಅಂದಾಗ ನೆಂಟರನ್ನು ಬಿಟ್ಟು ಯಾರು ಮುಂದೆ ಬರ್ತಾರೆ ಹೇಳಿ.

ನಮ್ಮಲ್ಲಿ ಅವಳ ಅಮ್ಮನೇ ಮೊದಲು ಮುಂದೆ ಬಂದರು. ವಯಸ್ಸು ಮೀರಿತ್ತು. ಅವಳ ತಂಗಿಗೆ ಮದುವೆ ಆಗಿರಲಿಲ್ಲ. ಕೊನೆಗೆ ಬಂದವಳು ಅವಳ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ತುಮಕೂರಿನಲ್ಲಿ ಮನೆ, ಏಳು ವರ್ಷದ ಮಗ. ವಯಸ್ಸು 34 ತುಂಬಿ ನಾಲ್ಕು ತಿಂಗಳು. "ನಮ್ಮನೆ ಮಗುನೇ ಅಲ್ವಾ, ನಾನೇ ಹೊರ್ತೀನಿ" ಅಂದಳು. ಎಲ್ಲರೂ ಅತ್ತರು. ಅಳುವಾಗ ಒಳ್ಳೆಯ ಮಾತುಕತೆ ಆಗೋದಿಲ್ಲ, ಅದಕ್ಕೇ ಹದಿನೈದು ದಿನ ಬಿಟ್ಟು ಮತ್ತೆ ಕೂತೆವು. ನೀವೂ ಹಾಗೇ ಮಾಡಿ. ಆಕೆಯನ್ನು ಅತ್ತೆ ಮಾವ, ಗಂಡ ಯಾರೂ ಇಲ್ಲದಾಗ ಒಬ್ಬಳನ್ನೇ ಕೇಳಿ. ಕೂಡುಕುಟುಂಬದಲ್ಲಿ ಸೊಸೆಯ 'ಹೂಂ'ಗೆ ಎಷ್ಟೋ ಅರ್ಥ ಇರುತ್ತೆ.

ಕೇಳಲೇಬೇಕಾದ ಮಾತುಗಳು ಇವೆ. ಸಿಸೇರಿಯನ್ ಆದರೆ ಪರವಾಗಿಲ್ವಾ? ಅವಳಿ ಆದರೆ? ಸ್ಕ್ಯಾನ್‌ನಲ್ಲಿ ಮಗುವಿಗೆ ತೊಂದರೆ ಕಂಡರೆ ಏನು ಮಾಡೋದು? ಊರಿನಲ್ಲಿ ಹೊಟ್ಟೆ ನೋಡಿ ಕೇಳಿದವರಿಗೆ ಏನು ಹೇಳೋದು? ಅವಳ ಮಗನಿಗೆ ಏನು ಹೇಳೋದು? ಸೀಮಂತ ಯಾರಿಗೆ? ನಗಬೇಡಿ, ನಮ್ಮನೆಯಲ್ಲಿ ಇದರ ಮೇಲೇ ಎರಡು ದಿನ ಮಾತು ನಡೆಯಿತು. ಕೊನೆಗೆ ಇಬ್ಬರನ್ನೂ ಕೂರಿಸಿ ಮಡಿಲು ತುಂಬಿದರು.

ಆಕೆಯ ಹಕ್ಕುಗಳನ್ನು ಆಕೆಗೇ ಓದಿ ಹೇಳಿ. ಭ್ರೂಣ ಇಡುವ ಕ್ಷಣದ ತನಕ ಬೇಡ ಅನ್ನುವ ಹಕ್ಕು ಅವಳಿಗಿದೆ. ಅವಳ ಲಿಖಿತ ಒಪ್ಪಿಗೆ ಮತ್ತು ಪ್ರಾಧಿಕಾರದ ಅನುಮತಿ ಇಲ್ಲದೆ ಗರ್ಭಪಾತ ಮಾಡಿಸುವಂತಿಲ್ಲ. ಭ್ರೂಣ ಇಡುವ ಪ್ರಯತ್ನ ಮೂರಕ್ಕಿಂತ ಜಾಸ್ತಿ ಆಗುವಂತಿಲ್ಲ. ಒಪ್ಪಿಗೆ ಪತ್ರವನ್ನು ಆಕೆಗೆ ಅರ್ಥವಾಗುವ ಭಾಷೆಯಲ್ಲೇ ಪಡೆಯಬೇಕು ಅಂತ ಕಾಯ್ದೆಯಲ್ಲೇ ಇದೆ. ನಮಗೆ ಮೊದಲು ಕೊಟ್ಟಿದ್ದು ಬರೀ ಇಂಗ್ಲಿಷ್ ಪುಟಗಳು. "ಸೈನ್ ಮಾಡಿ ಮೇಡಂ, ಎಲ್ಲರೂ ಮಾಡ್ತಾರೆ" ಅಂದರು. ನಾವು ಕನ್ನಡದಲ್ಲಿ ಬೇಕು ಅಂತ ಕೂತೆವು. ಕೊಟ್ಟರು.

ಇನ್ನು ದುಡ್ಡಿನ ಮಾತು. ಓರಗಿತ್ತಿ ಮನೆಯಲ್ಲೇ ಬ್ಲೌಸ್ ಹೊಲಿದು ಸಂಪಾದಿಸುತ್ತಿದ್ದಳು. ಐದನೇ ತಿಂಗಳಿಂದ ಮಿಷನ್ ಮುಂದೆ ಕೂರಲಿಲ್ಲ. ಆ ನಷ್ಟ ತುಂಬಿ ಕೊಡೋಣ ಅಂದರೆ ಲಾಯರ್ ಬೇಡ ಅಂದರು. 2017ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೇ ಇದನ್ನು ಗಮನಿಸಿತ್ತು. ಬರೀ ಪರೋಪಕಾರ ಅನ್ನೋದು ಬೇಡ, ಹೊತ್ತವಳಿಗೆ ಪರಿಹಾರ ಸಿಗಬೇಕು ಅಂತ ಶಿಫಾರಸು ಮಾಡಿತ್ತು. ಸರ್ಕಾರ ಒಪ್ಪಲಿಲ್ಲ. ಡಾಕ್ಟರಿಗೆ ಫೀಸ್ ಇದೆ, ಲ್ಯಾಬ್‌ಗೆ ಇದೆ, ಲಾಯರಿಗೆ ಇದೆ. ಒಂಬತ್ತು ತಿಂಗಳು ಹೊತ್ತವಳು ಮಾತ್ರ ಪುಣ್ಯಕ್ಕೆ ಮಾಡಬೇಕು. ನನಗೆ ಇದು ಸರಿ ಕಾಣೋದಿಲ್ಲ. ಆದರೆ ಕಾನೂನು ಇರೋದು ಹೀಗೆ. ವಾಣಿಜ್ಯ ಸರೋಗಸಿ ಕೇಳಿಕೊಂಡು ಹೋದ ದಂಪತಿಗೆ ಮೊದಲ ಸಲ 5 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ನಡೆಸಿಕೊಡುವವರಿಗೆ 10 ವರ್ಷ, 10 ಲಕ್ಷದ ತನಕ.

ನಮಗೂ ಒಂದು ಕಡೆ "ಎಲ್ಲ ಸೇರಿ ಪ್ಯಾಕೇಜ್, ಹುಡುಗಿ ನಾವೇ ಕೊಡ್ತೀವಿ" ಅಂದಿದ್ದರು. ಎದ್ದು ಬಂದೆವು.

ಹೆಜ್ಜೆ 5: ಕಾಗದ ಪತ್ರ, ಇದಕ್ಕೆ ಬೇರೆ ಫೈಲ್ ಇಡಿ

ಮೊದಲು ಮನೆಯ ದಾಖಲೆ ಸರಿ ಮಾಡಿಕೊಳ್ಳಿ. ಮೂವರ ಆಧಾರ್, ವಯಸ್ಸಿಗೆ ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್, ಮದುವೆ ನೋಂದಣಿ ಪತ್ರ. ನಮ್ಮ ಕಡೆ ಇನಿಷಿಯಲ್‌ನದ್ದು ಒಂದು ದೊಡ್ಡ ರಗಳೆ. ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಗಂಡನ ಹೆಸರೇ ಅಂಟಿಕೊಂಡಿರುತ್ತೆ. ಇದನ್ನು ಈಗಲೇ ತಿದ್ದಿಸಿ. ಛತ್ರದಲ್ಲಿ ಮದುವೆಯಾಗಿ ಲಗ್ನಪತ್ರಿಕೆ, ಫೋಟೊ ಬಿಟ್ಟರೆ ಏನೂ ಇಲ್ಲ ಅನ್ನೋರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಹಿಂದೂ ವಿವಾಹಕ್ಕೆ ಕಾವೇರಿ 2.0 ಪೋರ್ಟಲ್‌ನಲ್ಲೂ ಅರ್ಜಿ ಹಾಕಬಹುದು.

ಆಮೇಲೆ ಕ್ಲಿನಿಕ್. ಐವಿಎಫ್ ಬೋರ್ಡ್ ಹಾಕಿದವರೆಲ್ಲ ಸರೋಗಸಿ ಮಾಡುವಂತಿಲ್ಲ. ಅದಕ್ಕೆ ಬೇರೆ ನೋಂದಣಿ ಬೇಕು. ನೋಂದಣಿ ಪತ್ರವನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಹಾಕಿರಬೇಕು. ರಿಸೆಪ್ಷನ್‌ನಲ್ಲಿ ಕೂತಾಗ ಫೋಟೊಗಳಲ್ಲಿರೋ ಮುದ್ದು ಮಕ್ಕಳನ್ನು ನೋಡುವ ಬದಲು ಅದನ್ನು ಹುಡುಕಿ.

ಮೂರು ಮುಖ್ಯ ದಾಖಲೆ ಸೇರಿದರೆ 'ಅಗತ್ಯ ಪ್ರಮಾಣಪತ್ರ', ಅಂದರೆ ನಿಮಗೆ ಸರೋಗಸಿ ಅಗತ್ಯ ಇದೆ ಅಂತ ಪ್ರಾಧಿಕಾರ ಕೊಡುವ ಪತ್ರ ಸಿಗುತ್ತದೆ.

ಒಂದು, ಜಿಲ್ಲಾ ವೈದ್ಯಕೀಯ ಮಂಡಳಿಯ ಪತ್ರ. ನಿಮಗೆ ಸರೋಗಸಿ ಯಾಕೆ ಬೇಕು ಅಂತ ಹೇಳೋದು ಅದು. ಮಂಡಳಿಯಲ್ಲಿ ಜಿಲ್ಲೆಯ ಹಿರಿಯ ಆರೋಗ್ಯಾಧಿಕಾರಿ, ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು ಇರುತ್ತಾರೆ. ಆಪರೇಷನ್ ನೋಟ್ಸ್, ಬಯಾಪ್ಸಿ ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿ, ಹಳೆಯ ಸ್ಕ್ಯಾನ್ ಎಲ್ಲ ತಾರೀಖಿನ ಪ್ರಕಾರ ಜೋಡಿಸಿಡಿ. ವಿಳಾಸ ಗಮನಿಸಿ. ಹೊಸಕೋಟೆ, ನೆಲಮಂಗಲದವರು ಬೆಂಗಳೂರಿನವರು ಅಂದುಕೊಂಡರೂ ಜಿಲ್ಲೆ ಬೇರೆ.

ಎರಡು, ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ. ಹುಟ್ಟುವ ಮಗುವಿನ ಅಪ್ಪ ಅಮ್ಮ ಯಾರು, ಸುಪರ್ದಿ ಯಾರಿಗೆ ಅಂತ ಮೊದಲೇ ತೀರ್ಮಾನ ಮಾಡುವ ಆದೇಶ ಇದು. ದಂಪತಿ ಮತ್ತು ಹೊರುವವಳು ಸೇರಿ ಅರ್ಜಿ ಹಾಕಬೇಕು. ಪ್ರಥಮ ದರ್ಜೆ ಅಥವಾ ಅದಕ್ಕಿಂತ ಮೇಲಿನ ಮ್ಯಾಜಿಸ್ಟ್ರೇಟ್ ಆಗಬೇಕು. ಲಾಯರ್ ಒಬ್ಬರನ್ನು ಹಿಡಿಯೋದು ವಾಸಿ. ಓರಗಿತ್ತಿ ಕೋರ್ಟ್ ಮೆಟ್ಟಿಲು ಹತ್ತುವಾಗ "ನಾನೇನು ತಪ್ಪು ಮಾಡಿದೀನಿ ಅಂತ ಇಲ್ಲಿಗೆ ಕರ್ಕೊಂಡು ಬಂದ್ರಿ" ಅಂತ ನಕ್ಕಳು. ಒಳಗೆ ಹೆದರಿದ್ದಳು. ಏನು ಕೇಳುತ್ತಾರೆ ಅಂತ ಹಿಂದಿನ ದಿನವೇ ಹೇಳಿಟ್ಟಿದ್ದರೆ ಚೆನ್ನಾಗಿತ್ತು.

ಮೂರು, ವಿಮೆ. ಆಕೆಯ ಹೆಸರಿನಲ್ಲಿ 36 ತಿಂಗಳ ಆರೋಗ್ಯ ವಿಮೆ. ಬಸಿರಿನ ಮತ್ತು ಹೆರಿಗೆ ನಂತರದ ತೊಂದರೆಗಳೂ ಅದರಲ್ಲಿ ಸೇರಿರಬೇಕು. ಮಾಮೂಲಿ ಹೆಲ್ತ್ ಪಾಲಿಸಿಯಲ್ಲಿ ಸರೋಗಸಿ ಬರುತ್ತೆ ಅಂತ ಏಜೆಂಟ್ ಬಾಯಿಮಾತಲ್ಲಿ ಹೇಳಿದರೆ ಸಾಲದು, ಪಾಲಿಸಿಯಲ್ಲಿ ಬರೆದಿದೆಯಾ ನೋಡಿ. ಇದರ ಜೊತೆಗೆ, ಆಕೆಗೆ ಕಾಯಿಲೆ, ನಷ್ಟ ಅಥವಾ ಸಾವು ಸಂಭವಿಸಿದರೆ ಪರಿಹಾರ ಭರಿಸುತ್ತೇವೆ ಅಂತ ದಂಪತಿ ಅಫಿಡವಿಟ್ ಕೊಡಬೇಕು. ಸಾವು ಅನ್ನುವ ಪದ ಓದುವಾಗ ಮೂವರೂ ಸುಮ್ಮನಾದರು. ಓದಿಯೇ ಸಹಿ ಮಾಡಿ.

ಇದಲ್ಲದೆ ದಂಪತಿಗೆ ಒಂದು, ಹೊರುವವಳಿಗೆ ಒಂದು ಅರ್ಹತಾ ಪ್ರಮಾಣಪತ್ರ ಬೇಕು. ಇವನ್ನು ಕೊಡೋದು ಪ್ರಾಧಿಕಾರ. ನಮ್ಮ ರಾಜ್ಯದ ಆರೋಗ್ಯ ಇಲಾಖೆಯ ಕಚೇರಿಗಳಿರೋದು ಮಾಗಡಿ ರಸ್ತೆಯ ಆರೋಗ್ಯ ಸೌಧದಲ್ಲಿ. ಯಾವ ಅರ್ಜಿ ಎಲ್ಲಿಗೆ, ಎಷ್ಟು ಪ್ರತಿ ಅಂತ ಕ್ಲಿನಿಕ್‌ನವರನ್ನು ಕೇಳಿ ಬರೆದುಕೊಂಡೇ ಹೊರಡಿ. ಕೊಟ್ಟ ಪ್ರತಿಯೊಂದಕ್ಕೂ ಸೀಲ್ ಹಾಕಿದ ಸ್ವೀಕೃತಿ ಪ್ರತಿ ತಗೊಳ್ಳಿ. ತಿರಸ್ಕಾರ ಆದರೆ ಆ ಪತ್ರ ಕೈಗೆ ಬಂದ 30 ದಿನದೊಳಗೆ ಸರ್ಕಾರಕ್ಕೆ ಮೇಲ್ಮನವಿ ಹೋಗಬಹುದು.

ಓರಗಿತ್ತಿಯ ವಯಸ್ಸಿನ ಲೆಕ್ಕ ನೆನಪಿದೆಯಲ್ಲ? ಮಂಡಳಿ, ಕೋರ್ಟ್, ವಿಮೆ ಅಂತ ಒಂದೊಂದಾಗಿ ಮುಗಿಸುತ್ತಾ ಕೂತಿದ್ದರೆ ಅವಳ ಹುಟ್ಟುಹಬ್ಬ ಬಂದುಬಿಡುತ್ತಿತ್ತು. ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಕೆಂಪು ಗುಂಡು ಹಾಕಿ, ಎಲ್ಲವನ್ನೂ ಒಟ್ಟೊಟ್ಟಿಗೆ ನಡೆಸಿದೆವು.

ಹೆಜ್ಜೆ 6: ಚಿಕಿತ್ಸೆ

ಇದನ್ನು ಡಾಕ್ಟರ್ ಚೆನ್ನಾಗಿ ವಿವರಿಸುತ್ತಾರೆ, ನಾನು ಬೇಗ ಹೇಳಿ ಮುಗಿಸ್ತೀನಿ. ಅಂಡಾಣು ಕೊಡುವವಳಿಗೆ ಹತ್ತು ಹನ್ನೆರಡು ದಿನ ಇಂಜೆಕ್ಷನ್, ನಡುವೆ ಸ್ಕ್ಯಾನ್. ಆಮೇಲೆ ಅರಿವಳಿಕೆ ಕೊಟ್ಟು ಅಂಡಾಣು ತೆಗೆಯುತ್ತಾರೆ. ಲ್ಯಾಬ್‌ನಲ್ಲಿ ವೀರ್ಯದ ಜೊತೆ ಸೇರಿಸಿ ಐದು ದಿನದ ತನಕ ಬೆಳೆಸುತ್ತಾರೆ. ಇತ್ತ ಹೊರುವವಳಿಗೆ ಎಚ್‌ಐವಿ, ಹೆಪಟೈಟಿಸ್ ಎಲ್ಲ ಪರೀಕ್ಷೆ ಆಗಿರುತ್ತೆ. ಹಾರ್ಮೋನ್ ಮಾತ್ರೆ ಕೊಟ್ಟು ಗರ್ಭಕೋಶದ ಒಳಪದರ ಹದಕ್ಕೆ ತರುತ್ತಾರೆ. ಭ್ರೂಣ ಇಡೋದು ಕೆಲವೇ ನಿಮಿಷದ ಕೆಲಸ. ಹತ್ತರಿಂದ ಹದಿನಾಲ್ಕು ದಿನಕ್ಕೆ ರಕ್ತ ಪರೀಕ್ಷೆ.

ಮಾಮೂಲಾಗಿ ಒಂದೇ ಭ್ರೂಣ ಇಡಬೇಕು. ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರ ತನಕ. ಅವಳಿ ಆದರೆ ಒಂದೇ ಖರ್ಚಲ್ಲಿ ಎರಡು ಅಂತ ತಮಾಷೆ ಮಾಡುವವರಿದ್ದಾರೆ. ಅದರ ಭಾರ ಹೊರೋದು ಬೇರೆಯವರ ಬೆನ್ನು, ಬೇರೆಯವರ ಬಿಪಿ.

ನಮ್ಮದು ಮೊದಲ ಸಲ ನಿಲ್ಲಲಿಲ್ಲ. ಎರಡನೆಯದು ನಿಂತಿತು, ಅವಳ ಹುಟ್ಟುಹಬ್ಬಕ್ಕೆ ಐದು ವಾರ ಉಳಿದಿತ್ತು.

ಹೊತ್ತವಳ ಬಣ್ಣ, ಬುದ್ಧಿ ಮಗುವಿಗೆ ಬರುತ್ತಾ ಅಂತ ನೆಂಟರು ಕೇಳ್ತಾರೆ. ವಂಶವಾಹಿ ಬರೋದಿಲ್ಲ. ಹಾಗಂತ ಅವಳು ಬರೀ ಪಾತ್ರೆಯೂ ಅಲ್ಲ. ಅವಳ ಊಟ, ನಿದ್ದೆ, ಸಕ್ಕರೆ ಪ್ರಮಾಣ, ಸೋಂಕು ಎಲ್ಲ ಮಗುವಿನ ಬೆಳವಣಿಗೆಗೆ ಮುಟ್ಟುತ್ತವೆ. ಅವಳನ್ನು ನೋಡಿಕೊಳ್ಳಿ. ಆದರೆ ತಟ್ಟೆಯಲ್ಲಿ ಏನಿದೆ ಅಂತ ದಿನಕ್ಕೆ ಮೂರು ಸಲ ವಿಡಿಯೊ ಕಾಲ್ ಮಾಡಬೇಡಿ. ಚಿಕ್ಕಮ್ಮನ ಮಗಳು ಮಾಡುತ್ತಿದ್ದಳು. ಒಂದು ದಿನ ಓರಗಿತ್ತಿ ಫೋನ್ ಸ್ವಿಚ್ ಆಫ್ ಮಾಡಿ ಪಾನಿಪುರಿ ತಿಂದು ಬಂದಳು.

ಹೆಜ್ಜೆ 7: ಹೆರಿಗೆ, ಜನನ ಪತ್ರ, ರಜೆ

ಹೆರಿಗೆಗೆ ಸೇರಿಸುವ ದಿನವೇ ಕೋರ್ಟ್ ಆದೇಶದ ಪ್ರತಿಯನ್ನು ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಕೊಡಿ. ಮಗು ಹುಟ್ಟಿದ ಮೇಲೆ ಆ ಆದೇಶವೇ ಜನನದ ಅಫಿಡವಿಟ್ ಆಗುತ್ತದೆ. ನಾವು ವಾರ್ಡಿನ ಸಿಸ್ಟರ್ ಕೈಗೆ ಮಾತ್ರ ಕೊಟ್ಟಿದ್ದೆವು. ಅಭ್ಯಾಸದಂತೆ ಹೆತ್ತವಳ ಹೆಸರನ್ನೇ ತಾಯಿ ಅಂತ ಬರೆದುಬಿಟ್ಟಿದ್ದರು. ಪಾಲಿಕೆಗೆ ಹೋಗುವ ಮೊದಲೇ ಕಣ್ಣಿಗೆ ಬಿತ್ತು, ತಿದ್ದಿಸಿದೆವು. ಜನನ ನೋಂದಣಿಗೆ 21 ದಿನ ಸಮಯ ಇರುತ್ತೆ. ಅಷ್ಟರೊಳಗೆ ಎಲ್ಲ ಹೆಸರು, ಅಕ್ಷರ ನೋಡಿಕೊಳ್ಳಿ.

ಕಾನೂನಿನ ಪ್ರಕಾರ ಈ ಮಗು ನಿಮ್ಮ ಸ್ವಂತ ಮಗುವೇ, ಆಸ್ತಿ ಹಕ್ಕು ಸೇರಿ ಎಲ್ಲವೂ ಇದೆ. ಹೆಣ್ಣು, ಅವಳಿ, ಅಂಗವೈಕಲ್ಯ ಯಾವ ಕಾರಣ ಹೇಳಿಯೂ ಬೇಡ ಅನ್ನುವಂತಿಲ್ಲ.

ರಜೆ ವಿಷಯ ಎಚ್‌ಆರ್‌ಗೆ ಮೊದಲೇ ಹೇಳಿ. ತನ್ನದೇ ಅಂಡಾಣು ಕೊಟ್ಟು ಸರೋಗಸಿಯಿಂದ ಮಗು ಪಡೆದ ತಾಯಿಗೆ, ಮಗು ಕೈಗೆ ಬಂದ ದಿನದಿಂದ 12 ವಾರ ರಜೆ ಅನ್ನೋದು 2017ರ ತಿದ್ದುಪಡಿಯಿಂದ ಬಂದ ಹಕ್ಕು. ದಾನಿಯ ಅಂಡಾಣು ಆಗಿದ್ದರೆ ಆ ವ್ಯಾಖ್ಯೆಯೊಳಗೆ ನೀವು ಬರೋದಿಲ್ಲ, ಕಂಪನಿಯ ಪಾಲಿಸಿ ಏನು ಹೇಳುತ್ತೆ ಅಂತ ಬರಹದಲ್ಲಿ ಕೇಳಿ. ಕೇಂದ್ರ ಸರ್ಕಾರಿ ನೌಕರರಿಗೆ 2024ರ ಜೂನ್‌ನಿಂದ ಹೊಸ ನಿಯಮ ಇದೆ. ಹೊತ್ತವಳಿಗೂ, ಮಗು ಪಡೆದ ತಾಯಿಗೂ 180 ದಿನ, ತಂದೆಗೆ 15 ದಿನ.

ಎದೆಹಾಲಿನ ಬಗ್ಗೆ ಯಾರೂ ಮುಂಚಿತವಾಗಿ ಹೇಳಿರಲಿಲ್ಲ. ಹೊತ್ತವಳಿಗೆ ಹಾಲು ಬಂದೇ ಬರುತ್ತೆ. ಕುಡಿಸೋದಾ, ಹಿಂಡಿ ಕೊಡೋದಾ, ನಿಲ್ಲಿಸೋ ಮಾತ್ರೆ ತಗೊಳ್ಳೋದಾ ಅಂತ ಏಳನೇ ತಿಂಗಳಲ್ಲೇ ಅವಳನ್ನೇ ಕೇಳಿ ತೀರ್ಮಾನಿಸಿ. ಬಾಣಂತನ ಅವಳಿಗೆ ಮಾಡಬೇಕು. ಮಗು ಇರುವ ಮನೆಗೆ ನೆಂಟರೆಲ್ಲ ಓಡುತ್ತಾರೆ, ತುಮಕೂರಿನ ಮನೆಯಲ್ಲಿ ಅವಳೊಬ್ಬಳೇ ಉಳಿಯುತ್ತಾಳೆ. ಚಿಕ್ಕಮ್ಮ ಇದನ್ನು ನಮಗಿಂತ ಮೊದಲೇ ಯೋಚಿಸಿದ್ದರು. ಮಗಳ ಮನೆಗೆ ನನ್ನನ್ನು ಕಳಿಸಿ, ತಾವು ಎಣ್ಣೆ ಡಬ್ಬ, ಮೆಂತ್ಯದ ಹಿಟ್ಟು ಹಿಡಿದು ತುಮಕೂರಿನ ಬಸ್ ಹತ್ತಿದರು. ಮೂರು ತಿಂಗಳು ಅಲ್ಲೇ ಇದ್ದರು.

ಮಗುವಿಗೆ ಈಗ ಒಂದೂವರೆ ವರ್ಷ. ಹೊತ್ತವಳನ್ನು ಏನಂತ ಕರೆಯಬೇಕು ಅಂತ ನಾವು ಬಹಳ ತಲೆ ಕೆಡಿಸಿಕೊಂಡಿದ್ದೆವು. ಅವಳು ಮೊದಲೇ ದೊಡ್ಡಮ್ಮ ಆಗಿದ್ದಳಲ್ಲ, ಹಾಗೇ ಕರೆಯುತ್ತೆ.